ಮೊದಲು ನಡೆದು ನೋಡಿದವನು

ನಮ್ಮೂರಿನ ಪೇಟೆಬೀದಿಯ ಗೋಡೆಗಳ ಮೇಲೆ ಒಂದು ಬೆಳಿಗ್ಗೆ ಕೆಂಪು ಗುರುತುಗಳು ಮೂಡಿದ್ದವು. ರಸ್ತೆ ಅಗಲೀಕರಣವಂತೆ. ಅಳೆದವರು ಯಾವಾಗ ಬಂದರು, ಯಾರನ್ನು ಕೇಳಿದರು, ಯಾರಿಗೂ ಗೊತ್ತಿರಲಿಲ್ಲ. ಪ್ಯಾಟ್ರಿಕ್ ಗೆಡ್ಡಿಸ್‌ನನ್ನು ನಾನು ಓದತೊಡಗಿದ್ದು ಆ ವಾರದಲ್ಲೇ.

ಗೆಡ್ಡಿಸ್ ಸ್ಕಾಟ್ಲೆಂಡಿನವನು. ಡಂಡಿಯಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಮದರಾಸಿನ ಗವರ್ನರ್ ಲಾರ್ಡ್ ಪೆಂಟ್ಲೆಂಡ್ ಕರೆದದ್ದಕ್ಕೆ 1914ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಭಾರತಕ್ಕೆ ಬಂದ. ಅವನ ನಕ್ಷೆ, ಚಿತ್ರಗಳನ್ನು ಹೊತ್ತಿದ್ದ ಹಡಗನ್ನು ಜರ್ಮನಿಯ ಎಂಡೆನ್ ನೌಕೆ ಮುಳುಗಿಸಿತು. ಮದರಾಸಿನ ಮೇಲೆ ಗುಂಡು ಹಾರಿಸಿತಲ್ಲ, ಅದೇ ಎಂಡೆನ್.

ಆಗಿನ ಪುರಸಭೆಗಳಿಗೆ ಹಣ ಕಡಿಮೆ, ಪ್ಲೇಗಿನ ಭಯ ಜಾಸ್ತಿ. ಸಿಗುತ್ತಿದ್ದ ತಜ್ಞ ಸಲಹೆಯೆಂದರೆ ನಕ್ಷೆಯ ಮೇಲೆ ಸ್ಕೇಲಿಟ್ಟು ಎಳೆದ ನೇರ ಗೆರೆ. ಗೆರೆಗೆ ಅಡ್ಡ ಬಂದ ಮನೆಗಳನ್ನೆಲ್ಲ ಕೆಡವುವುದು. ಗೆಡ್ಡಿಸ್ ತಂಜಾವೂರು, ಮದುರೆ, ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿ ಮುಂತಾದ ಊರುಗಳ ಬಗ್ಗೆ ವರದಿ ಬರೆದ. ಅವನ ಕ್ರಮ ಸರಳ: ಮೊದಲು ಗಲ್ಲಿಗಲ್ಲಿ ನಡೆಯಬೇಕು. ಪಾಳು ಬಿದ್ದ ಮನೆ ಯಾವುದು, ಖಾಲಿ ಜಾಗ ಎಲ್ಲಿದೆ, ಬಾವಿ, ಮರ, ಗುಡಿ ಎಲ್ಲಿ ಎಂದು ಗುರುತಿಸಬೇಕು. ತೀರಾ ಹಾಳಾದದ್ದನ್ನಷ್ಟೇ ತೆಗೆದು, ಆ ಜಾಗವನ್ನು ಗಾಳಿ ಬೆಳಕಿಗೆ, ಮಕ್ಕಳ ಆಟಕ್ಕೆ ಬಿಡಬೇಕು. ಮನೆ ಕೆಡವಿದರೆ ಜನ ಮಾಯವಾಗುವುದಿಲ್ಲ, ಪಕ್ಕದ ಗಲ್ಲಿಯಲ್ಲಿ ಇನ್ನಷ್ಟು ಕಿಕ್ಕಿರಿಯುತ್ತಾರೆ ಎಂಬುದು ಅವನ ವಾದ. ಖರ್ಚೂ ಕಡಿಮೆ ಎಂದು ಲೆಕ್ಕ ಕೊಟ್ಟು ತೋರಿಸುತ್ತಿದ್ದ. ನಾನಾಗಿದ್ದರೆ ಆ ಲೆಕ್ಕವನ್ನೇ ಮೊದಲ ಪುಟದಲ್ಲಿ ಹಾಕುತ್ತಿದ್ದೆ. ಪುರಸಭೆ ಓದುವುದು ಅದನ್ನೇ.

ಇಂದೋರಿನ ಕಥೆ ಬೇರೆ. ಹೋಳ್ಕರರ ಆ ರಾಜಧಾನಿಯಲ್ಲಿ ಅವನು ನಕ್ಷೆ ಹಿಡಿದು ಓಡಾಡುವಾಗ, ಪ್ಲೇಗು ತರುವ ಮುದಿ ಸಾಹೇಬ ಇವನೇ ಎಂದು ಜನ ಪಿಸುಗುಟ್ಟಿದರಂತೆ. ಸಾಹೇಬ ಅಳೆದ ಕಡೆ ಮನೆ ಉರುಳುವುದನ್ನು ಅವರು ಕಂಡಿದ್ದರು. ಗೆಡ್ಡಿಸ್ ದೀಪಾವಳಿಗೆ ಒಂದು ಮೆರವಣಿಗೆ ಹೂಡಿದ. ಮೆರವಣಿಗೆ ಮಾಮೂಲಿ ದಾರಿಯಲ್ಲಿ ಹೋಗುವುದಿಲ್ಲ, ಹೆಚ್ಚು ಮನೆಗಳು ಚೊಕ್ಕಟವಾಗಿರುವ ಬೀದಿಗಳಲ್ಲಿ ಹೋಗುತ್ತದೆ ಎಂದು ಸಾರಿಸಿದ. ಊರಿಡೀ ಸುಣ್ಣ, ಪೊರಕೆ! ಸಾವಿರಾರು ಗಾಡಿ ಕಸ ಹೊರಬಿತ್ತು. ಕೊಳಕಿನ ರಾಕ್ಷಸ, ಪ್ಲೇಗಿನ ಇಲಿಯ ದೊಡ್ಡ ಬೊಂಬೆಗಳು ಬಂದವು. ಅವುಗಳ ಹಿಂದೆ, ಬಣ್ಣ ಹಚ್ಚಿದ ಕಸದ ಗಾಡಿಗಳೊಂದಿಗೆ, ಹೊಸ ಬಿಳಿ ಬಟ್ಟೆ ತೊಟ್ಟ ಪೌರಕಾರ್ಮಿಕರು. ಮರುದಿನ ಅದೇ ಜನ ಅದೇ ಪೊರಕೆ ಹಿಡಿದಿರುತ್ತಾರೆ, ಜಾತಿಯ ಗೆರೆ ಒಂದು ಮೆರವಣಿಗೆಗೆ ಅಳಿಯುವುದಿಲ್ಲ. ಆದರೂ ಊರು ಅವತ್ತು ಅವರನ್ನು ನಿಂತು ನೋಡಿತು.

1918ರ ಇಂದೋರ್ ವರದಿ ಎರಡು ದಪ್ಪ ಸಂಪುಟ. ಗೆಡ್ಡಿಸ್‌ಗೆ ಚಿಕ್ಕದಾಗಿ ಹೇಳಲು ಬರುತ್ತಿರಲಿಲ್ಲ. ಅವನು ಸೂಚಿಸಿದ್ದರಲ್ಲಿ ಬಹಳಷ್ಟು ಕಾಗದದಲ್ಲೇ ಉಳಿಯಿತು. ಅವನು ತೀರಿಕೊಂಡದ್ದು 1932ರಲ್ಲಿ. 1947ರಲ್ಲಿ ಜಾಕ್ವೆಲಿನ್ ಟಿರ್ವಿಟ್ ಎಂಬಾಕೆ ಅವನ ಭಾರತದ ವರದಿಗಳಿಂದ ಆಯ್ದು ಒಂದು ತೆಳು ಪುಸ್ತಕ ಮಾಡಿದಳು. ನಾನು ಓದಿದ್ದು ಅದನ್ನೇ. ಓದುತ್ತ, ಕೆಂಪು ಗುರುತು ಬಿದ್ದ ಮನೆಗಳನ್ನು ಒಂದು ಸಂಜೆ ನಡೆದು ಎಣಿಸಿದೆ. ಬೀದಿಯ ಕೊನೆಯಲ್ಲಿ, ವರ್ಷಗಳಿಂದ ಮಾಡು ಕುಸಿದು ಬೀಗ ಹಾಕಿದ್ದ ಎರಡು ಮನೆಗಳಿದ್ದವು. ಅವುಗಳ ಮೇಲೆ ಗುರುತಿರಲಿಲ್ಲ.