ನದಿಯ ಪಕ್ಕದಲ್ಲೊಂದು ನದಿ



ಇಂಗ್ಲೆಂಡಿನ ಭೂಪಟದಲ್ಲಿ ಲಂಡನ್ನಿನ ಪಶ್ಚಿಮಕ್ಕೆ ಥೇಮ್ಸ್ ನದಿಯನ್ನು ಗುರುತಿಸಿಕೊಳ್ಳಿ. ಮೇಡನ್‌ಹೆಡ್ ಪಟ್ಟಣದ ಬಳಿ ಅದರಿಂದ ಕವಲೊಡೆದು, ವಿಂಡ್ಸರ್‌ನ ಉತ್ತರಕ್ಕೆ ಹರಿದು, ಡ್ಯಾಚೆಟ್ ಹಳ್ಳಿಗಿಂತ ಸ್ವಲ್ಪ ಮೇಲೆ ಮತ್ತೆ ಥೇಮ್ಸನ್ನೇ ಸೇರುವ ಇನ್ನೊಂದು ನದಿಯಿದೆ. ಅದರ ಹೆಸರು ಜುಬಿಲಿ. ಉದ್ದ 11.6 ಕಿಲೋಮೀಟರ್. ದಂಡೆಯುದ್ದಕ್ಕೂ ಕಾಲುದಾರಿಯಿದೆ. ಬನ್ನಿ, ಅಲ್ಲಿ ನಡೆಯುತ್ತಾ ಅದರ ಕಥೆ ಕೇಳೋಣ.

ಜೊಂಡು ಬೆಳೆದ ಅಂಚು, ಪುಟ್ಟ ನಡುಗಡ್ಡೆಗಳು, ನೀರುಹಕ್ಕಿಗಳು, ಆಚೆಗೆ ಹೊಲಗಳು. ಇದು ಅನಾದಿಕಾಲದ ಹೊಳೆಯೆಂದೇ ನೀವು ನಂಬುತ್ತೀರಿ. ಆದರೆ ಅಲ್ಲಲ್ಲಿ ಅಡ್ಡ ನಿಂತ ಕಬ್ಬಿಣದ ಬಾಗಿಲುಗಳು ಗುಟ್ಟು ಬಿಟ್ಟುಕೊಡುತ್ತವೆ. ಇದು ಮನುಷ್ಯ ತೋಡಿದ ಕಾಲುವೆ!

1947ರ ಮಾರ್ಚ್‌ನಲ್ಲಿ ಹಿಮ ಕರಗುತ್ತಿದ್ದಾಗಲೇ ಮಳೆ ಸುರಿಯಿತು. ಹೆಪ್ಪುಗಟ್ಟಿದ ನೆಲ ನೀರನ್ನು ಹೀರಲಿಲ್ಲ. ಮೇಡನ್‌ಹೆಡ್ ಜಲಾವೃತವಾಯಿತು. ಪಟ್ಟಣಗಳು ದಡಕ್ಕೇ ಒತ್ತಿಕೊಂಡು ಬೆಳೆದಿದ್ದವು. ನದಿಯನ್ನು ಅಗಲಿಸಲು ಜಾಗವೆಲ್ಲಿ? ಕೊನೆಗೆ ಎರಡನೆಯ ನದಿಯನ್ನೇ ತೋಡುವ ಯೋಜನೆ ಸಿದ್ಧವಾಯಿತು. ಸುಮಾರು 11 ಕೋಟಿ ಪೌಂಡು ವೆಚ್ಚದ ಕಾಲುವೆ 2002ರಲ್ಲಿ ಕೆಲಸಕ್ಕೆ ಬಂತು. ಅದು ರಾಣಿ ಎರಡನೆಯ ಎಲಿಜಬೆತ್‌ಳ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷ. ಹೆಸರು ಬಂದದ್ದು ಅದರಿಂದಲೇ.

ನಮ್ಮ ಕೆರೆಗಳ ಕೋಡಿಯನ್ನು ನೆನಪಿಸಿಕೊಳ್ಳಿ. ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಿಂದ ಹೊರಬೀಳುತ್ತದೆ. ಜುಬಿಲಿಯ ತತ್ತ್ವವೂ ಅದೇ. ಸಾಮಾನ್ಯ ದಿನಗಳಲ್ಲಿ ಅಲ್ಪ ನೀರು. ಥೇಮ್ಸ್ ಉಕ್ಕಿದಾಗ ಬಾಗಿಲು ತೆರೆಯುತ್ತಾರೆ.

2003ರ ಜನವರಿಯಲ್ಲಿ ಮೊದಲ ದೊಡ್ಡ ಪರೀಕ್ಷೆ ಎದುರಾಯಿತು. ಕಾಲುವೆ ಮೇಡನ್‌ಹೆಡ್ಡನ್ನು ಕಾಪಾಡಿತು. ಆದರೆ ಅದರ ದಂಡೆ, ಕಟ್ಟಡಗಳೇ ಹಾನಿಗೊಂಡವು. ಕೆಳಗಿನ ಡ್ಯಾಚೆಟ್, ರೇಸ್‌ಬರಿಗಳಲ್ಲಿ ನೀರು ನುಗ್ಗಿತು. "ಅವರ ಪ್ರವಾಹವನ್ನು ನಮ್ಮ ಮೇಲೆ ಬಿಟ್ಟರೇ?" ಎಂದು ಅಲ್ಲಿಯವರು ಕೇಳಿದರು. ಮಳೆಯೇ ಅಷ್ಟಿತ್ತು, ಕಾಲುವೆ ಇಲ್ಲದಿದ್ದರೂ ಮುಳುಗುತ್ತಿತ್ತು ಎಂಬ ವಾದವೂ ಬಂತು. 2014ರಲ್ಲಿ ರೇಸ್‌ಬರಿ ಮತ್ತೆ ಮುಳುಗಿದಾಗ ಅದೇ ಪ್ರಶ್ನೆ ಎದ್ದಿತು. ಈ ಹಳ್ಳಿಗಳಿಗಾಗಿ ಯೋಜಿಸಿದ್ದ ಮುಂದಿನ ಕಾಲುವೆಯ ಭಾಗವನ್ನು 2020ರಲ್ಲಿ ಹಣದ ಕೊರತೆಯಿಂದ ಕೈಬಿಡಲಾಯಿತು.

ಕಾಲುವೆ ನೀರನ್ನು ದಾಟಿಸುತ್ತದೆ, ಇಲ್ಲವಾಗಿಸುವುದಿಲ್ಲ. ನಿಮ್ಮೂರಿನ ರಾಜಕಾಲುವೆಯ ಪಕ್ಕದಲ್ಲಿ ಒಮ್ಮೆ ನಡೆದು ನೋಡಿ. ಈ ನೀರು ಮುಂದೆ ಯಾರ ಮನೆಯ ಬಳಿಗೆ ಹೋಗುತ್ತದೆ? ಉತ್ತರ ಸಿಗುವವರೆಗೂ ನಡೆಯಿರಿ.