ಬ್ರಿಟನ್ನಿನ ಚಿತ್ರಕರ್ಮಶಾಲೆಗಳು

ಹಿಂದಿನ ಅರಸರು ಕವಿಗಳಿಗೆ ಮಾಡುತ್ತಿದ್ದ ದಾನವು ಎರಡು ಬಗೆಯದು. ಕಾವ್ಯವನ್ನು ಕೇಳಿ ಮೆಚ್ಚಿ ಕೊಡುವ ಒಡವೆವಸ್ತುಗಳು ಒಂದು ಬಗೆ. ಕವಿಯು ನೆಮ್ಮದಿಯಿಂದ ಕುಳಿತು ಉಣ್ಣುವಂತೆ ಬಿಡುವ ಭೂಮಿಕಾಣಿಗಳು ಇನ್ನೊಂದು ಬಗೆ. ಅರಿಕೇಸರಿಯು ಪಂಪನಿಗೆ ಧರ್ಮವುರವೆಂಬ ಅಗ್ರಹಾರವನ್ನಿತ್ತುದು ಮೆಚ್ಚುಗೆಯಿಂದಲೇ ಆದರೂ, ಅದರ ಫಲವು ಕವಿಯ ಮುಂದಿನ ಬಾಳಿಗೆ ಸಂದುದು. ನಮ್ಮ ಕಾಲದ ಸರಕಾರಗಳು ಚಲಚ್ಚಿತ್ರಕಲೆಗೆ ನೀಡುವ ಸಹಾಯವು ಬಹುಮಟ್ಟಿಗೆ ಮೊದಲನೆಯ ಬಗೆಯದು. ಚಿತ್ರವೊಂದಕ್ಕೆ ಇಷ್ಟೆಂದು ಹಣ, ಅಲ್ಲಿಗೆ ಋಣವು ತೀರಿತು. ಚಿತ್ರವನ್ನು ಮಾಡುವವರಿಗೆ ಕೆಲಸದ ಮನೆ, ಸಲಕರಣೆ, ತಿಂಗಳ ವೇತನ ಇವನ್ನು ಸಾರ್ವಜನಿಕ ದ್ರವ್ಯದಿಂದ ಒದಗಿಸಿ ನೋಡಿದ ಪ್ರಯೋಗವೊಂದು 1982ರಿಂದ ಸುಮಾರು ಹತ್ತು ವರ್ಷಕಾಲ ಬ್ರಿಟನ್ನಿನಲ್ಲಿ ನಡೆಯಿತು. ಅದರ ಏಳುಬೀಳುಗಳು ವಾಚಕರ ಗಮನಕ್ಕೆ ಬರತಕ್ಕವು.

ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟ್ ಎಂಬ ಸಂಸ್ಥೆಯು 1952ರಲ್ಲಿಯೇ ಪ್ರಯೋಗಚಿತ್ರಗಳಿಗೆಂದು ಒಂದು ನಿಧಿಯನ್ನು ತೆರೆದಿತ್ತು. ಚಿತ್ರಮಂದಿರಗಳ ಟಿಕೀಟಿನ ಮೇಲೆ ಎತ್ತಿದ ವಂತಿಗೆಯಿಂದ ಅದಕ್ಕೆ ದೊರೆತ ಮೂಲಧನವು 12,500 ಪೌಂಡುಗಳು. ಅಧ್ಯಕ್ಷರು ಮೈಕೇಲ್ ಬಾಲ್ಕನ್. ಜನರಂಜನೆಯ ಚಿತ್ರಗಳಿಗೆ ಸೇರಿದ ಜನರ ಕಾಸಿನಲ್ಲಿಯೇ ಜನರು ಕೇಳದ ಚಿತ್ರಗಳನ್ನು ಪೋಷಿಸುವ ಈ ಏರ್ಪಾಡು ಬಲು ಜಾಣತನದ್ದೇ ಸರಿ. ಆದರೆ ಅದೂ ಚಿತ್ರಕ್ಕೆ ಕೊಟ್ಟ ಹಣವೇ ಹೊರತು ಚಿತ್ರ ಮಾಡುವ ಮನೆಗೆ ಕೊಟ್ಟುದಲ್ಲ.

ಮನೆಯನ್ನು ಕಟ್ಟಿಕೊಂಡವರು ಕಲಾವಿದರೇ. 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಚಿತ್ರಕಾರರ ಸಹಕಾರಸಂಘವು ಮೊದಲು ಚೇರಿಂಗ್ ಕ್ರಾಸ್ ರಸ್ತೆಯ ಪುಸ್ತಕದಂಗಡಿಯೊಂದರ ಆಸರೆಯಲ್ಲಿತ್ತು. ಮುಂದೆ ಹಳೆಯ ಹಾಲಿನ ಡೈರಿಯೊಂದಕ್ಕೆ ಹೋಯಿತು. ಅಲ್ಲಿಂದ ಪಿಯಾನೋ ಕಾರ್ಖಾನೆಯೊಂದಕ್ಕೆ. ಕೊನೆಗೆ ಬಟ್ಟೆ ಒಗೆಯುವ ಶಾಲೆಯೊಂದಕ್ಕೆ. ಫಿಲ್ಮನ್ನು ತೊಳೆಯುವ, ಅಚ್ಚು ತೆಗೆಯುವ ಯಂತ್ರಗಳನ್ನು ಸದಸ್ಯರು ತಾವೇ ಹವಣಿಸಿಕೊಂಡು, ಪೇಟೆಯ ಪ್ರಯೋಗಾಲಯಗಳ ಹಂಗಿಲ್ಲದೆ ತಮ್ಮ ಚಿತ್ರಗಳನ್ನು ತಾವೇ ಸಿದ್ಧಪಡಿಸತೊಡಗಿದರು. ಯಂತ್ರವು ಕೈಗೆ ಸಿಕ್ಕಿದ ಮೇಲೆ ಚಿತ್ರದ ಸ್ವರೂಪವೇ ಬದಲಾಯಿತು. ಅಚ್ಚು ತೆಗೆಯುವ ಕ್ರಿಯೆಯೇ ಮಾಲ್ಕಮ್ ಲ ಗ್ರೈಸ್ ಮೊದಲಾದವರಿಗೆ ಕಲೆಯ ವಸ್ತುವಾಯಿತು. ಕೆಲಸದ ಮನೆಯು ಕೃತಿಯ ರೂಪವನ್ನು ಹೇಗೆ ನಿರ್ಣಯಿಸುವುದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನವು ನನಗೆ ತಿಳಿಯದು.

1982ರಲ್ಲಿ ಚಿತ್ರೋದ್ಯೋಗಿಗಳ ಕಾರ್ಮಿಕಸಂಘ, ಮೇಲೆ ಹೇಳಿದ ಸಂಸ್ಥೆ, ಪ್ರಾಂತಗಳ ಕಲಾಮಂಡಲಿಗಳು ಮತ್ತು ಅದೇ ವರ್ಷದ ನವೆಂಬರಿನಲ್ಲಿ ಪ್ರಸಾರವನ್ನು ಆರಂಭಿಸಿದ ಚಾನೆಲ್ ಫೋರ್ ಎಂಬ ದೂರದರ್ಶನಸಂಸ್ಥೆ ಇವೆಲ್ಲ ಕೂಡಿ ಕರ್ಮಶಾಲೆಗಳ ಬಗೆಗೆ ಒಂದು ಒಡಂಬಡಿಕೆಗೆ ಬಂದುವು. ಪೂರ್ಣಕಾಲ ದುಡಿಯುವ ನಾಲ್ವರಾದರೂ ಇರತಕ್ಕದ್ದು, ಲಾಭದ ಉದ್ದೇಶವಿರಕೂಡದು, ಚಿತ್ರ ಮಾಡುವುದಲ್ಲದೆ ಅದನ್ನು ತೋರಿಸುವುದು, ಹಂಚುವುದು, ಇತರರಿಗೆ ಕಲಿಸುವುದು ಇವೂ ನಡೆಯಬೇಕು. ಇಷ್ಟಕ್ಕೆ ಒಪ್ಪಿದವರಿಗೆ ವರ್ಷದುದ್ದಕ್ಕೂ ವೇತನ. ವರ್ಷದ ಕೊನೆಗೆ ಇಂತಿಷ್ಟು ಚಿತ್ರವನ್ನು ಅಳೆದು ಕೊಡಬೇಕೆಂಬ ಕಟ್ಟಳೆಯು ಈ ಏರ್ಪಾಡಿನ ತಿರುಳಾಗಿರಲಿಲ್ಲ.

ಇದರ ಫಲವನ್ನು ಕಾಣಬೇಕಾದರೆ ನ್ಯೂಕ್ಯಾಸಲ್ ನಗರದ ಆಂಬರ್ ಮಂಡಲಿಯನ್ನು ನೋಡಬೇಕು. ಲೈನ್‌ಮತ್ ಎಂಬಲ್ಲಿ ಅಲೆಗಳು ದಡಕ್ಕೆ ತಂದೆಸೆಯುವ ಕಲ್ಲಿದ್ದಲನ್ನು ಕುದುರೆಗಾಡಿಗಳಲ್ಲಿ ತುಂಬಿಕೊಂಡು ಮಾರಿ ಬದುಕುವ ಬಡಜನರಿದ್ದರು. ಆ ಪಾಳೆಯದಲ್ಲಿ ಮಂಡಲಿಯವರು ತಾವೂ ಒಂದು ಮನೆಬಂಡಿಯನ್ನು ಕೊಂಡು ಬೀಡುಬಿಟ್ಟು, ಅವರ ನಡುವೆ ಬಳಕೆಯಾದ ಮೇಲೆ 1985ರಲ್ಲಿ 'ಸೀಕೋಲ್' ಚಿತ್ರವನ್ನು ಹೊರತಂದರು. ಮುಂದೆ ಮೀನುಗಾರರ ಚಿತ್ರಕ್ಕಾಗಿ ಒಂದು ದೋಣಿಯನ್ನೂ, ಒಂದು ಪಾನಗೃಹವನ್ನೂ ಕೊಂಡರು! ಲೆಕ್ಕಪತ್ರ ನೋಡುವ ಅಧಿಕಾರಿಯೊಬ್ಬನು ಇದನ್ನು ಕಂಡು ಹುಬ್ಬುಗಂಟಿಕ್ಕಿದರೆ ಆಶ್ಚರ್ಯವಿಲ್ಲ. ಆದರೆ ಮೂರು ವಾರದ ಚಿತ್ರೀಕರಣಕ್ಕೆ ಹಣ ಪಡೆದು ಬಂದವರಿಗೆ ಅಂತಹ ಜನರ ಮುಖವು ತೆರೆದುಕೊಳ್ಳುತ್ತಿರಲಿಲ್ಲ.

ಇನ್ನೊಂದು ಮುಖವುಂಟು. 1981ರಲ್ಲಿ ಬ್ರಿಕ್ಸ್ಟನ್ ಮೊದಲಾದ ಕಡೆ ಎದ್ದ ದಂಗೆಗಳಾದ ಮೇಲೆಯೇ ಕರಿಯರ ಮತ್ತು ಏಷ್ಯದವರ ಮಂಡಲಿಗಳಿಗೆ ಬೊಕ್ಕಸದ ಬಾಗಿಲು ತೆರೆದುದು. ಔದಾರ್ಯದಷ್ಟೇ ಅಂಜಿಕೆಯೂ ಆ ಬಾಗಿಲನ್ನು ನೂಕಿತೆಂದು ಹೇಳದೆ ಗತಿಯಿಲ್ಲ. ಏಷ್ಯದವರ ರಿಟೇಕ್ ಮಂಡಲಿಯು 1984ರಲ್ಲಿ 'ಮಝಧಾರ್' ಚಿತ್ರವನ್ನು ಮಾಡಿತು. ಜಾನ್ ಅಕೊಮ್‌ಫ್ರಾ ಮತ್ತು ಸಂಗಡಿಗರ ಬ್ಲ್ಯಾಕ್ ಆಡಿಯೋ ಮಂಡಲಿಯು 1985ರ ದಂಗೆಗಳನ್ನು ಕುರಿತು ಮರುವರ್ಷ 'ಹ್ಯಾಂಡ್ಸ್‌ವರ್ತ್ ಸಾಂಗ್ಸ್' ಚಿತ್ರವನ್ನು ರಚಿಸಿತು. ಈ ಚಿತ್ರದಲ್ಲಿ ಆ ಜನರ ಬಾಯಿಂದಲೇ ಅವರ ಕಥೆ ಕೇಳಿಬರುವುದಿಲ್ಲವೆಂದು 1987ರಲ್ಲಿ ಸಲ್ಮಾನ್ ರಶ್ದಿ ಕಟುವಾಗಿ ಬರೆದರು. ಹೊಸ ಭಾಷೆಯನ್ನು ಅರಸುವವರ ಶ್ರಮವನ್ನು ಅವರು ಕಾಣಲಿಲ್ಲವೆಂದು ಸ್ಟುವರ್ಟ್ ಹಾಲ್ ಉತ್ತರವಿತ್ತರು. ಈ ವಾದದಲ್ಲಿ ನನ್ನ ಒಲವು ಹಾಲರ ಕಡೆಗೆ. ವರ್ತಮಾನಪತ್ರಗಳು ಹೇಳಿ ಸವೆಸಿದ ಮಾತನ್ನೇ ಮತ್ತೆ ಹೇಳಲು ಒಂದು ಕರ್ಮಶಾಲೆ ಏಕೆ ಬೇಕು?

ಇಷ್ಟರಲ್ಲಿಯೇ ಆಶ್ರಯವು ಸಡಿಲತೊಡಗಿತ್ತು. ಇಂತಹ ಮಂಡಲಿಗಳಿಗೆ ನೆರವಾಗುತ್ತಿದ್ದ ಲಂಡನ್ ಮಹಾನಗರಸಭೆಯನ್ನೇ 1986ರಲ್ಲಿ ಸರಕಾರವು ರದ್ದುಮಾಡಿತು. 1990ರ ಸುಮಾರಿಗೆ ಚಾನೆಲ್ ಫೋರ್ ಸಂಸ್ಥೆಯೂ ವೇತನದ ಪದ್ಧತಿಯಿಂದ ಹಿಂದೆಗೆದು, ಮತ್ತೆ ಚಿತ್ರವೊಂದಕ್ಕೆ ಇಷ್ಟೆಂಬ ಹಳೆಯ ಲೆಕ್ಕಕ್ಕೆ ತಿರುಗಿತು. ಬ್ಲ್ಯಾಕ್ ಆಡಿಯೋ 1998ರಲ್ಲಿ ವಿಸರ್ಜನೆಗೊಂಡಿತು.

ಲಂಡನ್ನಿನ ಸಹಕಾರಸಂಘದ ಪಾಡು ಇದಕ್ಕಿಂತ ವಿಚಿತ್ರವಾದುದು. 1997ರಲ್ಲಿ ಅದಕ್ಕೂ, ವಿಡಿಯೋ ಕಲಾವಿದರ ನೆರೆಸಂಸ್ಥೆಗೂ ಹಾಕ್ಸ್ಟನ್ ಚೌಕದಲ್ಲಿ ಲಕ್ಸ್ ಎಂಬ ಹೊಸ ಭವನವು ದೊರೆಯಿತು. ಮೂವತ್ತು ವರ್ಷ ಹರಕು ಸೂರುಗಳ ಕೆಳಗೆ ಬಾಳಿದ ಸಂಘವು, ಚೆಲುವಾದ ಮನೆಗೆ ಬಂದು ನಾಲ್ಕು ವರ್ಷ ಕಳೆದು 2001ರಲ್ಲಿ ಬಾಡಿಗೆಯ ಹೊರೆಯನ್ನು ತಾಳಲಾರದೆ ಬಾಗಿಲು ಮುಚ್ಚಿತು. ಚಿತ್ರಗಳ ಸಂಗ್ರಹವು ಮಾತ್ರ ಉಳಿಯಿತು. 2002ರಲ್ಲಿ ಅದೇ ಹೆಸರಿನ ಬೇರೊಂದು ಸಂಸ್ಥೆಯು ಅದನ್ನು ವಹಿಸಿಕೊಂಡಿತು. ನ್ಯೂಕ್ಯಾಸಲಿನ ಆಂಬರ್ ಮಂಡಲಿಯ ಕೃತಿಗಳಿಗೆ ಯುನೆಸ್ಕೋವಿನ ಬ್ರಿಟಿಷ್ ಸ್ಮೃತಿಪಟ್ಟಿಯಲ್ಲಿ 2011ರಲ್ಲಿ ಸ್ಥಾನವು ದೊರೆಯಿತು. ಆ ಮಂಡಲಿಯು 1977ರಲ್ಲಿ ತೆರೆದಿದ್ದ ಚಿತ್ರಶಾಲೆಯು ಕಲಾಮಂಡಲಿಯ ಅನುದಾನವು ತಪ್ಪಿದ ಕಾರಣ 2023ರ ಏಪ್ರಿಲಿನಲ್ಲಿ ಮುಚ್ಚಿತು.