ಕಲ್ಲು ಹೇಳಿದ್ದು, ಹೇಳದೆ ಬಿಟ್ಟದ್ದು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಗೆಟಿಸ್‌ಬರ್ಗ್ ಎಂಬ ಊರಿದೆ. ಆ ದೇಶದ ಅಂತರ್ಯುದ್ಧದ ಘೋರ ಕಾಳಗವೊಂದು 1863ರ ಜುಲೈ ತಿಂಗಳ ಮೊದಲ ಮೂರು ದಿನ ನಡೆದದ್ದು ಅಲ್ಲಿಯೇ. ಈಗ ಆ ರಣಭೂಮಿಯ ತುಂಬ ಸ್ಮಾರಕಗಳು. ಅವುಗಳಲ್ಲಿ 1897ರಲ್ಲಿ ಸ್ಥಾಪಿತವಾದ ಒಂದು ಸ್ಮಾರಕದ ಪೀಠದ ಮೇಲೆ ಎರಡು ಕಂಚಿನ ಮೂರ್ತಿಗಳಿವೆ. ಒಬ್ಬ ಸೈನಿಕ, ಅವನ ಪಕ್ಕದಲ್ಲಿ ನಿಂತವನು ಅಗ್ನಿಶಾಮಕ ದಳದವನು. ನ್ಯೂಯಾರ್ಕಿನ 73ನೆಯ ರೆಜಿಮೆಂಟಿನ ಸ್ಮಾರಕವದು.

ಶಾಸನಗಳ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳುತ್ತಿದ್ದೆ. ಕಲ್ಲಿನಲ್ಲಿ ಕೊರೆದುದನ್ನು ಓದಿದರೆ ಅರ್ಧ ಓದಿದಂತೆ. ಕೊರೆಯದೆ ಬಿಟ್ಟುದನ್ನೂ ವಿಚಾರಿಸಿದರೆ ಓದು ಪೂರ್ಣವಾಗುತ್ತದೆ. ಈ ಸ್ಮಾರಕವನ್ನೂ ಹಾಗೆಯೇ ಓದಬೇಕೆಂದು ನನ್ನ ಭಾವನೆ.

ಆ ಕಾಲದ ನ್ಯೂಯಾರ್ಕ್ ನಗರದಲ್ಲಿ ಬೆಂಕಿ ಆರಿಸುತ್ತಿದ್ದವರು ಸಂಬಳದ ನೌಕರರಲ್ಲ, ಸ್ವಯಂಸೇವಕರು. 1861ರ ಏಪ್ರಿಲಿನಲ್ಲಿ ಅಧ್ಯಕ್ಷ ಲಿಂಕನ್ 75,000 ಸೈನಿಕರು ಬೇಕೆಂದು ಕರೆಯಿತ್ತಾಗ, ಎಲ್ಮರ್ ಎಲ್ಸ್‌ವರ್ತ್ ಎಂಬ 24 ವರ್ಷದ ತರುಣ ಇವರನ್ನೇ ಕೂಡಿಸಿ 11ನೆಯ ರೆಜಿಮೆಂಟನ್ನು ಕಟ್ಟಿದ. ಹಿಂದೆ ಲಿಂಕನ್ನರ ವಕೀಲಿ ಕಚೇರಿಯಲ್ಲಿದ್ದ ಅವನು ಅವರಿಗೆ ಮನೆಯ ಮಗನಂತಿದ್ದ. ರೆಜಿಮೆಂಟು ವಾಷಿಂಗ್ಟನ್ನಿಗೆ ಬಂದ ಕೆಲವೇ ದಿನಗಳಲ್ಲಿ, ಮೇ 9ರಂದು, ವಿಲ್ಲರ್ಡ್ ಹೋಟೆಲಿನ ಪಕ್ಕದ ಕಟ್ಟಡಕ್ಕೆ ಬೆಂಕಿ ಬಿತ್ತು. ಯುದ್ಧಕ್ಕೆಂದು ಬಂದವರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಆ ಬೆಂಕಿಯನ್ನು ಆರಿಸಿದರು.

ಮೇ 24ರಂದು ಅಲೆಕ್ಸಾಂಡ್ರಿಯಾ ಪಟ್ಟಣದ ಹೋಟೆಲೊಂದರ ಮೇಲಿದ್ದ ಶತ್ರುಧ್ವಜವನ್ನು ಇಳಿಸಿ ಕೆಳಗೆ ಬರುತ್ತಿದ್ದ ಎಲ್ಸ್‌ವರ್ತ್ ಗುಂಡೇಟಿಗೆ ಬಲಿಯಾದ. ಅವನ ದೇಹವನ್ನು ಶ್ವೇತಭವನದಲ್ಲಿ ಇರಿಸಲಾಯಿತು. ಮರುದಿನ ಲಿಂಕನ್ ಅವನ ತಂದೆತಾಯಿಗಳಿಗೆ ಬರೆದ ಸಾಂತ್ವನಪತ್ರ ಆ ಯುದ್ಧದ ಮೊದಲ ಸ್ಮರಣದಾಖಲೆಗಳಲ್ಲಿ ಒಂದು. ಜುಲೈಯಲ್ಲಿ ಬುಲ್‌ರನ್ ಕಾಳಗದಲ್ಲಿ ಈ ರೆಜಿಮೆಂಟು ಬಹಳ ನಷ್ಟಕ್ಕೆ ಗುರಿಯಾಗಿ, ಮರುವರ್ಷ ವಿಸರ್ಜಿತವಾಯಿತು. ಅದೇ ನಗರದ ಅಗ್ನಿಶಾಮಕರಿಂದ ರೂಪುಗೊಂಡ ಎರಡನೆಯ ಪಡೆಯೇ ನಾನು ಮೊದಲು ಹೇಳಿದ 73ನೆಯ ರೆಜಿಮೆಂಟು. 1863ರ ಜುಲೈ 2ರಂದು ಗೆಟಿಸ್‌ಬರ್ಗಿನಲ್ಲಿ ಅದರ 160ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು.

ಕಲ್ಲು ಹೇಳುವ ಕಥೆ ಇಷ್ಟು. ಹೇಳದ ಕಥೆ ನಡೆದದ್ದು ಹನ್ನೊಂದು ದಿನಗಳ ಅನಂತರ, ಅವರ ಸ್ವಂತ ಊರಿನಲ್ಲಿ. ಅಗ್ನಿಶಾಮಕರಿಗೆ ಹಿಂದಿನಿಂದ ಸೈನ್ಯಸೇವೆಯಿಂದ ವಿನಾಯಿತಿ ಇತ್ತು. ಹೊಸ ಕಡ್ಡಾಯ ಸೈನ್ಯಭರ್ತಿ ಕಾಯಿದೆ ಅದನ್ನು ಮನ್ನಿಸಲಿಲ್ಲ. 300 ಡಾಲರು ಕೊಡಬಲ್ಲವನು ಪಾರಾಗಬಹುದಿತ್ತು. ಜುಲೈ 13ರಂದು, ‘ಬ್ಲ್ಯಾಕ್ ಜೋಕ್’ ಎಂದು ಹೆಸರಾದ 33ನೆಯ ಎಂಜಿನ್ ತಂಡದವರು ಮುಂದಾಗಿ ನಿಂತು, ಚೀಟಿ ಎತ್ತುತ್ತಿದ್ದ ಕಚೇರಿಗೆ ನುಗ್ಗಿದರು. ಬೆಂಕಿ ಆರಿಸುವುದೇ ವ್ರತವಾಗಿದ್ದವರ ಆ ದಾಳಿಯಲ್ಲಿ ಕಚೇರಿ ಹೊತ್ತಿ ಉರಿಯಿತು. ದಂಗೆ ನಗರವನ್ನೆಲ್ಲ ವ್ಯಾಪಿಸಿ ಕರಿಯ ಜನರ ಮೇಲೆ ತಿರುಗಿತು. ಅದೇ ದಿನ ಕರಿಯ ಅನಾಥ ಮಕ್ಕಳ ಆಶ್ರಮಕ್ಕೆ ಗುಂಪು ಬೆಂಕಿಯಿಟ್ಟಿತು. ಅಲ್ಲಿದ್ದ 200ಕ್ಕೂ ಹೆಚ್ಚು ಮಕ್ಕಳು ಪಾರಾದರು. ಕಟ್ಟಡವನ್ನು ಉಳಿಸಲು ಆ ಗುಂಪಿಗೆ ಎದುರಾಗಿ ಹೋರಾಡಿದವರೂ ಅಗ್ನಿಶಾಮಕರೇ. ಅವರ ಮುಂದೆ ಇದ್ದವನು ಮುಖ್ಯ ಎಂಜಿನಿಯರ್ ಜಾನ್ ಡೆಕರ್. ಕಟ್ಟಡ ಮಾತ್ರ ಉಳಿಯಲಿಲ್ಲ. ಮರುದಿನ, ವಿಸರ್ಜಿತವಾಗಿದ್ದ 11ನೆಯ ರೆಜಿಮೆಂಟನ್ನು ಮತ್ತೆ ಕಟ್ಟುತ್ತಿದ್ದ ಕರ್ನಲ್ ಹೆನ್ರಿ ಓಬ್ರಿಯನ್ನನನ್ನು ದಂಗೆಕೋರರು ಬೀದಿಯಲ್ಲಿ ಹೊಡೆದು ಕೊಂದರು.

ಹಾಗಾದರೆ ಆ ಸ್ಮಾರಕ ಸುಳ್ಳೆ? ಸುಳ್ಳಲ್ಲ. ಗೆಟಿಸ್‌ಬರ್ಗಿನಲ್ಲಿ ಬಿದ್ದವರ ತ್ಯಾಗ ಊರಿನಲ್ಲಿ ಉಳಿದವರ ತಪ್ಪಿನಿಂದ ಕುಂದುವುದಿಲ್ಲ. ಆದರೆ ಸ್ಮಾರಕಗಳು ಒಂದು ಸಮುದಾಯವನ್ನು ಒಂದೇ ಮುಖದ್ದಾಗಿ ತೋರಿಸುತ್ತವೆ. ದಂಗೆಯ ಬೀದಿಯಲ್ಲಿ ಅದೇ ಅಗ್ನಿಶಾಮಕರು ಇಬ್ಭಾಗವಾಗಿ ಎದುರುಬದುರು ನಿಂತಿದ್ದರು. 1865ರಲ್ಲಿ ಕಾನೂನು ಬಂದು ಸಂಬಳದ ದಳ ರಚಿತವಾದಾಗ ನ್ಯೂಯಾರ್ಕಿನ ಆ ಹಳೆಯ ಸ್ವಯಂಸೇವಕ ತಂಡಗಳು ಇಲ್ಲವಾದವು. ಕಂಚಿನ ಅಗ್ನಿಶಾಮಕ ಸೈನಿಕನ ಪಕ್ಕದಲ್ಲಿ ನಿಲ್ಲುವ ಹೊತ್ತಿಗೆ ಅವನ ದಳ ಮರೆಯಾಗಿ 32 ವರ್ಷಗಳಾಗಿದ್ದವು. ಉಳಿದವರು ತಮ್ಮ ಗೌರವವನ್ನು ಕಲ್ಲಿಗೆ ಒಪ್ಪಿಸಿದರು. ಡೆಕರನ ಜತೆ ಆಶ್ರಮದ ಬಾಗಿಲಲ್ಲಿ ನಿಂತವರಿಗೆ ಆ ಪೀಠದ ಮೇಲೆ ಸ್ಥಳ ಸಿಗಲಿಲ್ಲ. ಅವರನ್ನು ನೆನೆಯುವ ಹೊಣೆ ಚರಿತ್ರೆಯನ್ನು ಓದುವ ನಮ್ಮದು.